ಹೆಡ್‌ಲೈಟ್ ಫಿಲ್ಮ್‌ನಲ್ಲಿ ಗುಳ್ಳೆ: ಮೂರನೆಯ ಸಲವೂ ಅದೇ ಕಥೆ

ಕೋಟೆಗುಡ್ಡ_ಬಳ್ಳಾರಿ (ಭಾನುವಾರ, ರಾತ್ರಿ 10:40)

ತಲೆ ಕೆಟ್ಟುಹೋಗಿದೆ. ಹೆಡ್‌ಲೈಟ್‌ಗೆ ರಕ್ಷಣೆಯ ಫಿಲ್ಮ್ ಅಂಟಿಸಿದರೆ ಗುಳ್ಳೆ ಬರುತ್ತಿದೆ. ಎರಡು ಸಲ ನಾನೇ ಅಂಟಿಸಿದೆ, ಎರಡು ಸಲವೂ ಕಿತ್ತು ಬಿಸಾಕಿದೆ. ಮೂರನೆಯ ಸಲ ಊರಿನ ಒಂದು ಅಂಗಡಿಗೆ ಕೊಟ್ಟೆ. ಸಂಜೆ ಕಾರು ತಂದಾಗ ಗಾಜಿನಂತೆ ಹೊಳೆಯುತ್ತಿತ್ತು. ಮೂರನೆಯ ದಿನ ನೋಡಿದರೆ ಸಾಬೂದಾಣಿ ಚೆಲ್ಲಿದ ಹಾಗೆ ಗುಳ್ಳೆ. ಅಂಗಡಿಯವನು «ನೀರಿನ ಗುಳ್ಳೆ, ಒಣಗಿ ಹೋಗುತ್ತದೆ» ಎಂದ. ಹನ್ನೊಂದು ದಿನವಾಯಿತು, ಹೋಗುವುದಿರಲಿ, ಅಕ್ಕಪಕ್ಕದವು ಕೂಡಿಕೊಂಡು ದೊಡ್ಡವಾಗುತ್ತಿವೆ. ವಿಡಿಯೊಗಳಲ್ಲಿ ಹೇಳಿದ್ದನ್ನೆಲ್ಲ ಮಾಡಿದ್ದೇನೆ. ದಯವಿಟ್ಟು «ವಿಡಿಯೊ ನೋಡಿ» ಎಂದು ಯಾರೂ ಹೇಳಬೇಡಿ. ಪರಿಹಾರ ಏನು?

ಕೆಂಧೂಳು_ಸಂಡೂರು (ಭಾನುವಾರ, ರಾತ್ರಿ 11:05)

ಅಣ್ಣ, ಬಳ್ಳಾರಿ ಎಂದಮೇಲೆ ಬೇರೆ ಕಾರಣ ಹುಡುಕುವುದೇ ಬೇಡ. ಅದಿರಿನ ಧೂಳು. ನಮ್ಮ ಕಡೆ ಬೆಳಿಗ್ಗೆ ಒರೆಸಿದ ಬಾನೆಟ್ ಮೇಲೆ ಮಧ್ಯಾಹ್ನ ಬೆರಳಿನಿಂದ ಹೆಸರು ಬರೆಯಬಹುದು. ಲೆನ್ಸ್ (ದೀಪದ ಹೊರಮುಚ್ಚಳ) ಮೇಲೆ ಒಂದೇ ಒಂದು ಕಣ ಉಳಿದರೂ ಅದರ ಸುತ್ತ ಫಿಲ್ಮ್ ಡೇರೆಯಂತೆ ಎದ್ದು ನಿಲ್ಲುತ್ತದೆ. ಕ್ಲೇ ಬಾರ್ (ಅಂಟಿದ ಕೊಳೆ ಎಳೆಯುವ ಜೇಡಿಯಂಥ ಮುದ್ದೆ) ಹಾಕಿ ಉಜ್ಜಿದಿರಾ? ಶಾಂಪೂ ನೀರು ಚಿಮುಕಿಸಿ ಅಂಗೈಯಿಂದ ಸವರಿ ನೋಡಿ, ಕಣ್ಣಿಗೆ ಕಾಣದ್ದು ಕೈಗೆ ತಾಗುತ್ತದೆ. 2008, 2009ರಲ್ಲಿ ಲಾರಿಗಳು ಸಾಲುಗಟ್ಟಿ ಓಡುತ್ತಿದ್ದಾಗ ನಮ್ಮ ಅಂಗಳದ ಬೇವಿನ ಮರವೂ ಕೆಂಪಾಗಿತ್ತು. 2011ರಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸಿದ ಮೇಲೆಯೇ ಅದು ಹಸಿರು ಎಂದು ಮಕ್ಕಳಿಗೆ ಗೊತ್ತಾದದ್ದು.

ಬೋರ್ಡಂಗಡಿ_ರಾಯಚೂರು (ಸೋಮವಾರ, ಬೆಳಿಗ್ಗೆ 7:15)

ಯಾವ ಕಾರು? ಫಿಲ್ಮ್ ಟಿಪಿಯು (ರಬ್ಬರಿನಂತೆ ಹಿಗ್ಗುವ ಪ್ಲಾಸ್ಟಿಕ್) ಹೌದೋ, ವಿನೈಲ್ ಹೌದೋ? ದಪ್ಪ ಎಷ್ಟು ಮೈಕ್ರಾನ್? ಅಂಟಿಸುವ ಮುಂಚೆ ಲೆನ್ಸನ್ನು ಯಾವುದರಿಂದ ಒರೆಸಿದಿರಿ? ಎರಡೂ ಕಡೆ ಗುಳ್ಳೆಯೋ? ಚಿತ್ರ ಹಾಕಿ.

ಕೋಟೆಗುಡ್ಡ_ಬಳ್ಳಾರಿ (ಸೋಮವಾರ, ಬೆಳಿಗ್ಗೆ 9:30)

ಕಾರು ಯಾವುದಾದರೇನು ಸರ್, ಹೆಡ್‌ಲೈಟ್ ಹೆಡ್‌ಲೈಟೇ ಅಲ್ಲವೇ? ಹತ್ತು ವರ್ಷದ ಚಿಕ್ಕ ಕಾರು. ಫಿಲ್ಮ್ ಟಿಪಿಯು, ಪಾರದರ್ಶಕ, 190 ಮೈಕ್ರಾನ್ ಎಂದು ಡಬ್ಬಿಯ ಮೇಲಿದೆ. ಒರೆಸಿದ್ದು ಮೊದಲ ಸಲ ಥಿನ್ನರ್‌ನಿಂದ, ಆಮೇಲೆ ಶಾಂಪೂ ನೀರಿನಿಂದ. ಧೂಳಿನ ಮಾತು ನನಗೆ ಒಪ್ಪಿಗೆಯಾಗುವುದಿಲ್ಲ. ಕಣವಿದ್ದರೆ ಗುಳ್ಳೆಯ ನಡುವೆ ಚುಕ್ಕೆ ಕಾಣಬೇಕು, ಇಲ್ಲಿ ಚುಕ್ಕೆಯೇ ಇಲ್ಲ. ಮೊಬೈಲ್‌ನಲ್ಲಿ ಫೋಟೊ ಸರಿಯಾಗಿ ಬರುತ್ತಿಲ್ಲ, ಬರೀ ಆಕಾಶ ಪ್ರತಿಫಲಿಸುತ್ತದೆ.

ಬೋರ್ಡಂಗಡಿ_ರಾಯಚೂರು (ಸೋಮವಾರ, ಬೆಳಿಗ್ಗೆ 9:52)

ಥಿನ್ನರ್ ಇನ್ನೊಮ್ಮೆ ಮುಟ್ಟಬೇಡಿ. ಹೆಡ್‌ಲೈಟ್‌ನ ಹೊರಮುಖ ಗಾಜಲ್ಲ, ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್. ಥಿನ್ನರ್, ಪೆಟ್ರೋಲ್ ತಾಗಿದರೆ ಮೈತುಂಬ ಕೂದಲೆಳೆಯಂಥ ಬಿರುಕು ಬರುತ್ತದೆ, ಅದನ್ನು ಯಾವ ಪಾಲಿಶ್‌ನಿಂದಲೂ ತೆಗೆಯಲಾಗದು. ನೀರು ಬೆರೆಸಿದ ಐಸೊಪ್ರೊಪೈಲ್ ಆಲ್ಕೊಹಾಲ್ ಸಾಕು. ಮಿಕ್ಕ ಪ್ರಶ್ನೆಗೆ ನೀವು ಉತ್ತರಿಸಲಿಲ್ಲ.

ಗಂಗಾವತಿ_ಎಡದಂಡೆ (ಸೋಮವಾರ, ಮಧ್ಯಾಹ್ನ 1:20)

ಎಲ್ಲರೂ ಮರೆತದ್ದು ನೀರು. ಅಂಟಿಸುವಾಗ ಫಿಲ್ಮ್ ಅಡಿಗೆ ಸಿಂಪಡಿಸಿದ್ದು ಬೋರ್‌ವೆಲ್ ನೀರೋ, ನಲ್ಲಿ ನೀರೋ? ನಮ್ಮ ಕಡೆಯ ಬೋರ್ ನೀರನ್ನು ಪಾತ್ರೆಯಲ್ಲಿ ಕಾಯಿಸಿದರೆ ತಳದಲ್ಲಿ ಸುಣ್ಣ ಕೂರುತ್ತದೆ. ಅದೇ ನೀರು ಫಿಲ್ಮ್ ಅಡಿಯಲ್ಲಿ ಒಣಗಿದರೆ ಬಿಳಿ ಕಲೆ ಖಂಡಿತ. ಒಂದು ಲೀಟರ್ ಶುದ್ಧೀಕರಿಸಿದ ನೀರಿಗೆ ನಾಲ್ಕೈದು ಹನಿ ಮಕ್ಕಳ ಶಾಂಪೂ, ಹೆಚ್ಚು ಬೇಡ. ಹೆಚ್ಚಾದರೆ ಅಂಟು ಹಿಡಿಯುವುದೇ ಇಲ್ಲ.

ಕೋಟೆಗುಡ್ಡ_ಬಳ್ಳಾರಿ (ಸೋಮವಾರ, ಮಧ್ಯಾಹ್ನ 1:45)

ಕಲೆಯಲ್ಲ ಸ್ವಾಮಿ, ಗುಳ್ಳೆ. ಶೀರ್ಷಿಕೆಯಲ್ಲೇ ಬರೆದಿದ್ದೇನೆ.

ಕೆಂಧೂಳು_ಸಂಡೂರು (ಸೋಮವಾರ, ಸಂಜೆ 6:10)

ಧೂಳು ಅಲ್ಲ ಎಂದು ಅಷ್ಟು ಖಚಿತವಾಗಿ ಹೇಳಬೇಡಿ. ಹಿಟ್ಟಿನಂಥ ಧೂಳು ಚುಕ್ಕೆಯಾಗಿ ಕಾಣುವುದಿಲ್ಲ. ಒಂದು ಸುಲಭದ ಪರೀಕ್ಷೆ: ಕಿತ್ತ ಫಿಲ್ಮ್‌ನ ಅಂಟಿನ ಕಡೆಯನ್ನು ಕೆರೆದು, ಆ ಪುಡಿಯ ಹತ್ತಿರ ಸ್ಪೀಕರ್‌ನ ಅಯಸ್ಕಾಂತ ಹಿಡಿಯಿರಿ. ಎಳೆದರೆ ಅದಿರು, ಎಳೆಯದಿದ್ದರೆ ನನ್ನ ಮಾತು ಸುಳ್ಳು.

ಗಣಿ_ನಿವೃತ್ತ (ಸೋಮವಾರ, ಸಂಜೆ 6:48)

ತಮ್ಮಾ, ಮಾದರಿ ತೆಗೆಯುವ ಕೆಲಸದಲ್ಲೇ ನನ್ನ ಕೂದಲು ಬೆಳ್ಳಗಾದದ್ದು. ಸಂಡೂರಿನ ಅದಿರು ಬಹುಪಾಲು ಹೆಮಟೈಟ್. ಸ್ಪೀಕರ್ ಅಯಸ್ಕಾಂತಕ್ಕೆ ಅದು ಜಗ್ಗುವುದಿಲ್ಲ. ಅಯಸ್ಕಾಂತಕ್ಕೆ ಓಡಿಬಂದು ಅಂಟುವುದು ಮ್ಯಾಗ್ನಟೈಟ್, ಅದು ಕುದುರೆಮುಖದ ಕಡೆಯದು. ನಿಮ್ಮ ಪರೀಕ್ಷೆಯಲ್ಲಿ ಅಪ್ಪಟ ಸಂಡೂರು ಧೂಳೂ ಫೇಲಾಗುತ್ತದೆ.

ಕೆಂಧೂಳು_ಸಂಡೂರು (ಸೋಮವಾರ, ಸಂಜೆ 7:02)

ಹಿರಿಯರೇ, ನಮ್ಮ ಮನೆಯ ಮುಂದಿನ ಮಣ್ಣಿನಲ್ಲಿ ಮಕ್ಕಳು ಅಯಸ್ಕಾಂತ ಆಡಿಸಿ ಕಪ್ಪು ಪುಡಿ ಹಿಡಿಯುವುದನ್ನು ಕಣ್ಣಾರೆ ನೋಡಿದ್ದೇನೆ.

ಗಣಿ_ನಿವೃತ್ತ (ಸೋಮವಾರ, ಸಂಜೆ 7:15)

ಕಪ್ಪು ಪುಡಿ ಎಂದು ನೀವೇ ಹೇಳಿದಿರಿ. ಹೆಮಟೈಟನ್ನು ಅರೆದರೆ ಪುಡಿ ಕೆಂಪು. ಕಪ್ಪು ಬಂದರೆ ಅದು ಬೇರೆ.

ಕೆಂಧೂಳು_ಸಂಡೂರು (ಸೋಮವಾರ, ಸಂಜೆ 7:20)

ಬೇರೆಯಾದರೂ ಧೂಳು ತಾನೇ?

ಕಪ್ಪುದೀಪ_ಸಿಂಧನೂರು (ಸೋಮವಾರ, ರಾತ್ರಿ 8:30)

ಚರ್ಚೆಯ ನಡುವೆ ಬಂದಿದ್ದಕ್ಕೆ ಕ್ಷಮೆ ಇರಲಿ. ಹಿಂದಿನ ದೀಪಕ್ಕೆ ಹೊಗೆಬಣ್ಣದ ಫಿಲ್ಮ್ ಹಾಕಿಸಬೇಕು ಎಂದುಕೊಂಡಿದ್ದೇನೆ. ಬಿಳಿ ಕಾರಿಗೆ ಬಹಳ ಚೆನ್ನಾಗಿ ಒಪ್ಪುತ್ತದೆ. ಪೊಲೀಸರು ಹಿಡಿಯುತ್ತಾರೆಯೇ?

ಗಂಗಾವತಿ_ಎಡದಂಡೆ (ಸೋಮವಾರ, ರಾತ್ರಿ 8:41)

ಕಪ್ಪು ಫಿಲ್ಮನ್ನು 2012ರಲ್ಲೇ ಸುಪ್ರೀಂ ಕೋರ್ಟ್ ನಿಷೇಧಿಸಿದೆ.

ಬೋರ್ಡಂಗಡಿ_ರಾಯಚೂರು (ಸೋಮವಾರ, ರಾತ್ರಿ 9:05)

ಅದು ಕಿಟಕಿಗಾಜಿನ ಮಾತು, ದೀಪದ್ದಲ್ಲ. ದೀಪಕ್ಕೆ ಬೇರೆ ನಿಯಮವಿದೆ: ಹಿಂದಿನಿಂದ ಬರುವವನಿಗೆ ಕೆಂಪು ಬೆಳಕು ದೂರದಿಂದಲೇ ಕಾಣಬೇಕು. ಕಾನೂನನ್ನು ಪಕ್ಕಕ್ಕಿಡಿ, ಲೆಕ್ಕ ಕೇಳಿ. ಅರ್ಧ ಬೆಳಕು ಬಿಡುವ ಫಿಲ್ಮ್ ಹಾಕಿದರೆ ಬಲ್ಬಿನ ಬೆಳಕು ಅರ್ಧಕ್ಕೆ ಇಳಿಯುತ್ತದೆ, ಅಷ್ಟು ಎಲ್ಲರಿಗೂ ಗೊತ್ತು. ಆದರೆ ಅದೇ ದೀಪದಲ್ಲಿ ರಿಫ್ಲೆಕ್ಟರ್ ಕೂಡ ಕೂತಿರುತ್ತದೆ. ಹಿಂದಿನ ಲಾರಿಯ ಬೆಳಕು ಅದನ್ನು ತಲುಪಲು ಒಮ್ಮೆ ಫಿಲ್ಮ್ ದಾಟಬೇಕು, ಮರಳಿ ಹೋಗಲು ಇನ್ನೊಮ್ಮೆ ದಾಟಬೇಕು. ಅರ್ಧದಲ್ಲಿ ಅರ್ಧ, ಕಾಲು ಭಾಗ ಉಳಿಯಿತು. ಬ್ಯಾಟರಿ ಸತ್ತು ಕಾರು ರಸ್ತೆ ಬದಿಯಲ್ಲಿ ನಿಂತ ರಾತ್ರಿ ನಿಮ್ಮನ್ನು ಕಾಯುವುದು ಆ ರಿಫ್ಲೆಕ್ಟರ್ ಒಂದೇ. ಭತ್ತದ ಸುಗ್ಗಿಯಲ್ಲಿ ದೀಪವಿಲ್ಲದ ಟ್ರೇಲರ್‌ಗಳನ್ನು ಬೈಯುವ ನಾವೇ ಕಾಸು ಕೊಟ್ಟು ದೀಪ ಆರಿಸಿಕೊಳ್ಳಬೇಕೇ?

ಕಪ್ಪುದೀಪ_ಸಿಂಧನೂರು (ಸೋಮವಾರ, ರಾತ್ರಿ 9:11)

ಸರಿ ಸರ್. ಹಾಗಾದರೆ ತೆಳು ಬಣ್ಣದ್ದು?

ಹೊಸಪೇಟೆ_ಶೆಡ್ (ಸೋಮವಾರ, ರಾತ್ರಿ 10:25)

ಬಯಲಿನಲ್ಲಿ ಫಿಲ್ಮ್ ಅಂಟಿಸುವವರನ್ನು ಕಂಡರೆ ನನಗೆ ಅಯ್ಯೋ ಎನಿಸುತ್ತದೆ. ನಾನು ಮನೆ ಹಿಂದಿನ ದನದ ಕೊಟ್ಟಿಗೆಯನ್ನು ಶೆಡ್ ಮಾಡಿಕೊಂಡಿದ್ದೇನೆ. ನಾಲ್ಕು ಕಡೆ ಪ್ಲಾಸ್ಟಿಕ್ ಪರದೆ, ನೆಲಕ್ಕೆ ಎಪಾಕ್ಸಿ, ಮೇಲೆ ಷಡ್ಭುಜದ ಎಲ್‌ಇಡಿ, ಶಾಂಪೂ ನೀರಿಗೊಂದು ಆಲ್ಕೊಹಾಲ್ ನೀರಿಗೊಂದು ಒತ್ತಡದ ಸ್ಪ್ರೇಯರ್, ಫಿಲ್ಮ್ ಅಡಿಯ ನೀರನ್ನು ಒತ್ತಿ ತೆಗೆಯಲು ಆರು ಬಗೆಯ ಸ್ಕ್ವೀಜಿ. ಒಳಗೆ ಹೋಗುವ ಮುಂಚೆ ಹತ್ತಿ ಅಂಗಿ ಬಿಚ್ಚಿ ನೈಲಾನ್ ಹಾಕಿಕೊಳ್ಳುತ್ತೇನೆ, ನಾರು ಉದುರಬಾರದಲ್ಲ! ಹೆಂಡತಿ ಹೇಳುತ್ತಾಳೆ, ದೇವರ ಕೋಣೆಗೂ ಇಷ್ಟು ಮಡಿ ಇಲ್ಲವಂತೆ. ಚಿತ್ರ ಬೇಕಾದರೆ ಹೇಳಿ.

ಗಂಗಾವತಿ_ಎಡದಂಡೆ (ಸೋಮವಾರ, ರಾತ್ರಿ 10:31)

ಎಪಾಕ್ಸಿಗೆ ಎಷ್ಟು ಬಿತ್ತು?

ಹೊಸಪೇಟೆ_ಶೆಡ್ (ಸೋಮವಾರ, ರಾತ್ರಿ 10:34)

ಅದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಮನೆಯವರೂ ಓದುತ್ತಾರೆ.

ಕೋಟೆಗುಡ್ಡ_ಬಳ್ಳಾರಿ (ಮಂಗಳವಾರ, ಬೆಳಿಗ್ಗೆ 8:00)

ನನ್ನ ಗುಳ್ಳೆಯ ಬಗ್ಗೆ ಯಾರಿಗಾದರೂ ಕಾಳಜಿ ಇದೆಯೇ?

ಬೋರ್ಡಂಗಡಿ_ರಾಯಚೂರು (ಮಂಗಳವಾರ, ಬೆಳಿಗ್ಗೆ 8:20)

ಇದೆ. ಕಾರು ಮಧ್ಯಾಹ್ನ ಎಲ್ಲಿ ನಿಲ್ಲುತ್ತದೆ? ಇವತ್ತು ಎರಡು ಗಂಟೆಗೆ ಗುಳ್ಳೆಗಳನ್ನು ನೋಡಿ, ನಾಳೆ ಸೂರ್ಯ ಹುಟ್ಟುವ ಮುಂಚೆ ಮತ್ತೊಮ್ಮೆ ನೋಡಿ. ಬೆರಳಿನಿಂದ ಒತ್ತಿಯೂ ನೋಡಿ. ನೀರಿದ್ದರೆ ಅದು ಜಾರಿ ಪಕ್ಕಕ್ಕೆ ಹೋಗುತ್ತದೆ. ಮತ್ತೆ ಕೇಳುತ್ತೇನೆ: ಎರಡೂ ಕಡೆಯೋ, ಒಂದೇ ಕಡೆಯೋ?

ಕೋಟೆಗುಡ್ಡ_ಬಳ್ಳಾರಿ (ಬುಧವಾರ, ಬೆಳಿಗ್ಗೆ 6:10)

ನೋಡಿದೆ. ಕಾರು ಕುಡಿತಿನಿಯಲ್ಲಿ ಕೆಲಸದ ಜಾಗದ ಬಯಲಿನಲ್ಲಿ ಇಡೀ ದಿನ ಬಿಸಿಲಿಗೆ ನಿಂತಿರುತ್ತದೆ. ಮಧ್ಯಾಹ್ನ ಗುಳ್ಳೆಗಳು ಹುರಿಗಡಲೆಯಷ್ಟು ದಪ್ಪ ಇದ್ದವು. ಈಗ ಸಾಸಿವೆಯಷ್ಟಾಗಿವೆ. ಒತ್ತಿದರೆ ಜಾರುವುದಿಲ್ಲ, ಬಿಟ್ಟರೆ ಮತ್ತೆ ಅಲ್ಲಿಯೇ ಏಳುತ್ತವೆ. ಬಲಗಡೆ ಮಾತ್ರ. ಎಡಗಡೆ ಮೊದಲ ದಿನ ನಾನು ಅಂಟಿಸಿದ ಫಿಲ್ಮೇ ಇವತ್ತಿಗೂ ಇದೆ, ಒಂದು ಕಲೆ ಇಲ್ಲ. ಅದಕ್ಕೇ ಅದರ ಬಗ್ಗೆ ಬರೆದಿರಲಿಲ್ಲ.

ಗಂಗಾವತಿ_ಎಡದಂಡೆ (ಬುಧವಾರ, ಬೆಳಿಗ್ಗೆ 6:40)

ಒಂದೇ ಕಡೆ ಎಂದು ಹೇಳಲು ನಾಲ್ಕು ದಿನ ಬೇಕಾಯಿತೇ ಯಜಮಾನರೇ! ಒಂದೇ ಬಕೆಟ್ ನೀರು ಎರಡೂ ಕಡೆಗೆ ಹೋಗಿದ್ದರೆ ನನ್ನ ವಾದ ಅಲ್ಲಿಗೆ ಮುಗಿಯಿತು.

ಬೋರ್ಡಂಗಡಿ_ರಾಯಚೂರು (ಬುಧವಾರ, ಬೆಳಿಗ್ಗೆ 7:30)

ಬಲಗಡೆಯ ಹೆಡ್‌ಲೈಟ್ ಬದಲಾಯಿಸಿದ್ದೀರಾ?

ಕೋಟೆಗುಡ್ಡ_ಬಳ್ಳಾರಿ (ಬುಧವಾರ, ಬೆಳಿಗ್ಗೆ 7:34)

ಹೌದು. ಯುಗಾದಿಗೆ ಒಂದು ವಾರ ಮುಂಚೆ. ತೋರಣಗಲ್ಲಿನ ಹತ್ತಿರ ಮುಂದಿನ ಲಾರಿಯಿಂದ ಕಲ್ಲು ಸಿಡಿದು ಒಡೆಯಿತು. ಹೊಸದು ಹಾಕಿಸಿದ ಮೇಲೆಯೇ ಫಿಲ್ಮ್‌ನ ಯೋಚನೆ ಬಂದದ್ದು. ಯುಗಾದಿಯ ಮರುದಿನ ಅಂಟಿಸಿದೆ. ಹೊಸ ಲೈಟ್ ಎಂದಮೇಲೆ ಇನ್ನೂ ಚೆನ್ನಾಗಿ ಅಂಟಬೇಕಲ್ಲವೇ? ಅದನ್ನು ಹೇಳುವುದು ಮುಖ್ಯ ಎಂದು ಅನಿಸಲಿಲ್ಲ.

ಬೋರ್ಡಂಗಡಿ_ರಾಯಚೂರು (ಬುಧವಾರ, ಬೆಳಿಗ್ಗೆ 8:15)

ಅದೊಂದೇ ಮುಖ್ಯವಾಗಿತ್ತು.

ನಾನು ಅಂಗಡಿಗಳ ಬೋರ್ಡ್ ಮಾಡುವವನು. ಪಾಲಿಕಾರ್ಬೊನೇಟ್ ಹಾಳೆಯ ಮೇಲೆ ವಿನೈಲ್ ಅಕ್ಷರ ಅಂಟಿಸುವುದು ನನ್ನ ದಿನದ ಕೆಲಸ. ಹೊಸ ಹಾಳೆಯ ರಕ್ಷಣಾ ಕಾಗದ ಕಿತ್ತು ಅದೇ ದಿನ ಅಂಟಿಸಿದರೆ, ನಾಲ್ಕು ದಿನ ಬಿಸಿಲು ಬಿದ್ದ ಮೇಲೆ ಅಕ್ಷರಗಳೆಲ್ಲ ದಡಾರ ಎದ್ದ ಮಗುವಿನ ಮೈಯಂತೆ ಆಗುತ್ತವೆ. ಈ ಪ್ಲಾಸ್ಟಿಕ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ಕಾದಾಗ ಅದನ್ನು ಆವಿಯಾಗಿ ಹೊರಗೆ ಬಿಡುತ್ತದೆ. ಅಚ್ಚಿನಿಂದ ಬಂದ ಹೊಸದರಲ್ಲಿ ಇನ್ನೂ ಹೊರಹೋಗದೆ ಉಳಿದ ಅನಿಲವೂ ಇರುತ್ತದೆ. ಮೇಲೆ ಫಿಲ್ಮ್ ಇಲ್ಲದಿದ್ದರೆ ಯಾರಿಗೂ ಗೊತ್ತಾಗದೆ ಹೋಗಿಬಿಡುತ್ತದೆ. ಫಿಲ್ಮ್ ಮುಚ್ಚಿದರೆ ಅದಕ್ಕೆ ದಾರಿ ಎಲ್ಲಿ? ಅಂಟು ಇನ್ನೂ ಗಟ್ಟಿಯಾಗದ ಮೊದಲ ವಾರದಲ್ಲೇ ಅದನ್ನು ಎತ್ತಿಕೊಂಡು ಗುಳ್ಳೆ ಮಾಡುತ್ತದೆ. ಬಿಸಿಗೆ ಉಬ್ಬಿ ತಂಪಿಗೆ ಕುಗ್ಗುವುದು ಅನಿಲದ ಗುಣ. ನೀರಿನ ಗುಳ್ಳೆ ಹಾಗೆ ಆಡುವುದಿಲ್ಲ, ಧೂಳಿನ ಗುಳ್ಳೆಯಂತೂ ಹಗಲುರಾತ್ರಿ ಒಂದೇ ಅಳತೆ. ಎಡಗಡೆಯ ದೀಪ ಹತ್ತು ವರ್ಷ ಬಳ್ಳಾರಿಯ ಬಿಸಿಲಿನಲ್ಲಿ ಬೆಂದದ್ದು, ಅದರೊಳಗೆ ಬಿಡಲು ಹೆಚ್ಚೇನೂ ಉಳಿದಿಲ್ಲ.

ಅಂಗಡಿಯವನದು ತಪ್ಪಲ್ಲ, ಆದರೆ ಹೊಸ ದೀಪವೇ ಎಂದು ಅವನು ಕೇಳಬೇಕಿತ್ತು.

ಈಗ ಮಾಡಬೇಕಾದದ್ದು: ಹೇರ್ ಡ್ರೈಯರ್‌ನಿಂದ ಬೆಚ್ಚಗೆ ಮಾಡಿ ಫಿಲ್ಮನ್ನು ನಿಧಾನ ಎಳೆಯಿರಿ. ಹೀಟ್ ಗನ್ ಬೇಡ, ಕೈ ಒಂದು ಕ್ಷಣ ತಡೆದರೆ ಲೆನ್ಸ್ ಸೊಟ್ಟಗಾಗುತ್ತದೆ. ಉಳಿದ ಅಂಟನ್ನು ಆಲ್ಕೊಹಾಲ್ ನೀರಿನಿಂದ ಒರೆಸಿ. ನಂತರ ಏನನ್ನೂ ಹಚ್ಚದೆ ಬಿಸಿಲಿಗೆ ಬಿಡಿ. ಒಂದು ತಿಂಗಳಾದರೂ ಬೇಕು. ಮತ್ತೆ ಪೂರ್ತಿ ಫಿಲ್ಮ್ ಕತ್ತರಿಸುವ ಮುಂಚೆ ಹಳೆಯ ತುಂಡೊಂದನ್ನು ಅಂಗೈಯಗಲ ಅಂಟಿಸಿ ಎರಡು ದಿನ ಬಿಸಿಲು ತಿನ್ನಿಸಿ. ಅದರಲ್ಲಿ ಗುಳ್ಳೆ ಬಾರದಿದ್ದರೆ ಮುಂದುವರಿಯಿರಿ.

ಕೆಂಧೂಳು_ಸಂಡೂರು (ಬುಧವಾರ, ಬೆಳಿಗ್ಗೆ 9:00)

ವಿವರಣೆ ಚೆನ್ನಾಗಿದೆ. ಆದರೂ ಒಂದು ತಿಂಗಳು ಬಯಲಿಗೆ ಬಿಟ್ಟರೆ ಧೂಳು ಕೂರುವುದಿಲ್ಲವೇ? ಕ್ಲೇ ಬಾರ್ ಮರೆಯಬೇಡಿ.

ಗಣಿ_ನಿವೃತ್ತ (ಬುಧವಾರ, ಬೆಳಿಗ್ಗೆ 9:20)

ಅಯಸ್ಕಾಂತವನ್ನೂ ಮರೆಯಬೇಡಿ.

ಹೊಸಪೇಟೆ_ಶೆಡ್ (ಬುಧವಾರ, ಬೆಳಿಗ್ಗೆ 10:05)

ಇದು ನನಗೆ ಮೊದಲೇ ಅನುಮಾನ ಇತ್ತು. ನನ್ನ ಶೆಡ್‌ನಲ್ಲಿ ಹೊಸ ಲೆನ್ಸನ್ನು ಬಲ್ಬಿನ ಪೆಟ್ಟಿಗೆಯಲ್ಲಿ ಕಾಯಿಸಿ ಆಮೇಲೆ ಅಂಟಿಸುತ್ತೇನೆ.

ಬೋರ್ಡಂಗಡಿ_ರಾಯಚೂರು (ಬುಧವಾರ, ಬೆಳಿಗ್ಗೆ 10:12)

ಸೋಮವಾರ ರಾತ್ರಿ ಅಷ್ಟು ಬರೆದಿರಿ, ಆ ಪೆಟ್ಟಿಗೆಯ ಸುದ್ದಿ ಒಂದು ಸಾಲು ಬರೆದಿದ್ದರೆ ಇವರಿಗೆ ಎರಡು ದಿನ ಉಳಿಯುತ್ತಿತ್ತು.

ಕೋಟೆಗುಡ್ಡ_ಬಳ್ಳಾರಿ (ಬುಧವಾರ, ರಾತ್ರಿ 9:50)

ಕಿತ್ತಿದ್ದೇನೆ. ಕೀಳುವಾಗ ಕಣ್ಣಲ್ಲಿ ನೀರು ಬಂತು. ಬೋರ್ಡಂಗಡಿ ಸರ್‌ಗೆ ನಮಸ್ಕಾರ. ಕಾದು ನೋಡುತ್ತೇನೆ.

ಕೋಟೆಗುಡ್ಡ_ಬಳ್ಳಾರಿ (ಕಾರಹುಣ್ಣಿಮೆಯ ಮರುದಿನ, ಸಂಜೆ 5:30)

ಎಲ್ಲರಿಗೂ ತಿಳಿಸುವುದು ಬಾಕಿ ಇತ್ತು. ಏಳು ವಾರ ಬರಿಮೈಯಲ್ಲಿ ಬಿಟ್ಟೆ. ತುಂಡಿನ ಪರೀಕ್ಷೆ ಪಾಸಾಯಿತು. ನಾಲ್ಕನೆಯ ಸಲ ನಾನೇ ಅಂಟಿಸಿದೆ, ಇವತ್ತಿಗೆ ಹದಿನಾಲ್ಕು ದಿನ. ಕೆಳಮೂಲೆಯಲ್ಲಿ ಒಂದೇ ಒಂದು ಗುಳ್ಳೆ ಇದೆ, ಅದರ ನಡುವೆ ಕೆಂಪು ಚುಕ್ಕೆ ಕಾಣುತ್ತದೆ. ಕೆಂಧೂಳು ಅಣ್ಣ, ಅದು ನಿಮ್ಮದು.

ಈಗ ಇನ್ನೊಂದು ತೊಂದರೆ. ಎಡಗಡೆಯ ಫಿಲ್ಮ್ ಬಾನೆಟ್ ಕಡೆಯ ಅಂಚಿನಲ್ಲಿ ಏಳುತ್ತಿದೆ. ಆ ತಿರುವಿನಲ್ಲಿ ಸುಕ್ಕು ಹೋಗಲಿ ಎಂದು ಸ್ವಲ್ಪ ಜಗ್ಗಿ ಕೂರಿಸಿದ್ದೆ. ಅಂಚನ್ನು ಕತ್ತರಿಸಿದರೆ ಸಾಕೇ, ಇದನ್ನೂ ಕೀಳಬೇಕೇ?

ಕಪ್ಪುದೀಪ_ಸಿಂಧನೂರು (ಮೂರು ದಿನದ ನಂತರ, ರಾತ್ರಿ 11:15)

ಸರ್, ತೆಳು ಬಣ್ಣದ್ದರ ಬಗ್ಗೆ ಯಾರೂ ಹೇಳಲಿಲ್ಲ.