ಸರ್ಟಿಫಿಕೇಟ್ ಕೈಗೆ ಬರುವ ತನಕ

ಮಗಳೇ, ನಿನ್ನ ಕಾಕಾ ಮಾತಾಡುತ್ತಿದ್ದೇನೆ. ನಿನ್ನೆ ರಾತ್ರಿ ನಮ್ಮ ಮನೆಯವರ ವಾಟ್ಸ್ಆಪ್ ಗುಂಪಿನಲ್ಲಿ ನೀನು ಕೇಳಿದ್ದನ್ನು ಈಗ ನೋಡಿದೆ. ಎಸ್ಸೆಸ್ಸೆಲ್ಸಿಯಲ್ಲಿ ಶೇಕಡಾ 78 ತೆಗೆದ ನಿನ್ನ ಹುಡುಗ ಪಿಯುಸಿ ಬೇಡ, ಐಟಿಐ ಸೇರುತ್ತೇನೆ ಎಂದು ಹಟ ಹಿಡಿದಿದ್ದಾನೆ, ಜನ ಏನೆಂದಾರು ಎಂದು ನಿನಗೆ ನಿದ್ದೆಯಿಲ್ಲ. ಟೈಪ್ ಮಾಡಲು ಕಣ್ಣು ಸಾಲದು, ಬಾಯಲ್ಲೇ ಹೇಳುತ್ತೇನೆ, ಪೂರ್ತಿ ಕೇಳು.

ಸೇರಲಿ. ಆದರೆ ಸರ್ಟಿಫಿಕೇಟ್ ಕೈಗೆ ಬರುವ ತನಕ ಯಾವ ಕಾರಣಕ್ಕೂ ಬಿಡಕೂಡದು. ನಿನ್ನ ಅಜ್ಜ ತೀರಿಕೊಂಡ ವರ್ಷ ನಾನು ಐಟಿಐಯಲ್ಲಿ ಟರ್ನರ್ ಟ್ರೇಡಿನ, ಅಂದರೆ ಲೇತ್ ಯಂತ್ರದಲ್ಲಿ ಲೋಹ ಕಡೆಯುವ ಕೆಲಸದ, ಮೊದಲ ವರ್ಷ ಮುಗಿಸಿದ್ದೆ. ಇನ್ನೊಂದೇ ವರ್ಷ ಉಳಿದಿತ್ತು. ಇಲ್ಲೇ ಬೆಳಗಾವಿಯ ಉದ್ಯಮಬಾಗದ ಒಂದು ಲೇತ್ ಶಾಪಿನವರು ವಾರದ ಪಗಾರ ಕೊಡುತ್ತೇವೆ ಎಂದರು, ಹೋಗಿಬಿಟ್ಟೆ. ಕೈಯಲ್ಲಿ ಕೆಲಸವಿದ್ದರೆ ಕಾಗದ ಯಾರು ಕೇಳುತ್ತಾರೆ ಎಂಬ ಸೊಕ್ಕು.

ಕೆಲಸವೇನೋ ಬಂತು. ಹನ್ನೊಂದು ವರ್ಷದ ಮೇಲೆ ಒಂದು ದೊಡ್ಡ ಕಾರ್ಖಾನೆಯವರು ಪರ್ಮನೆಂಟ್ ಟರ್ನರ್ ಬೇಕೆಂದು ಕರೆದರು. ಪರೀಕ್ಷೆಗೆ ಒಂದು ಗನ್‌ಮೆಟಲ್ ಬುಷ್, ಅಂದರೆ ಕಂಚಿನಂಥ ಲೋಹದ ಬಳೆ, ಕೊಟ್ಟರು. ಒಳ ಅಳತೆ 40 ಮಿಲಿಮೀಟರ್. ಒಂದು ಮಿಲಿಮೀಟರನ್ನು ನೂರು ಪಾಲು ಮಾಡಿದರೆ ಅದರಲ್ಲಿ ಎರಡು ಪಾಲಿಗಿಂತ ಹೆಚ್ಚು ವ್ಯತ್ಯಾಸವಾದರೆ ಗುಜರಿಗೆ. ಕೊನೆಯ ಸಲ ಟೂಲ್ ಹಾಯಿಸುವಾಗ ನಾನು ಕಣ್ಣಿಗಿಂತ ಕಿವಿಯನ್ನು ನಂಬಿದೆ. ಟೂಲಿನ ಕಿರಿಕಿರಿ ನಿಂತು ಸಣ್ಣಗೆ ಸುಯ್ ಎಂದಾಗಲೇ ಗೊತ್ತಾಯಿತು, ಮೈ ನಯವಾಗಿ ಬಂತು ಎಂದು. ಸಾಹೇಬರು ಗೇಜ್ ಹಾಕಿ ಎರಡು ಸಲ ನೋಡಿದರು, ಭೇಷ್ ಎಂದರು, ಆಮೇಲೆ ಸರ್ಟಿಫಿಕೇಟಿಗೆ ಕೈ ಚಾಚಿದರು. ನನ್ನ ಬಳಿ ಏನಿತ್ತು? ಕೆಲಸ ಸಿಕ್ಕಿದ್ದು ಯಾರಿಗೆ ಬಲ್ಲೆಯಾ, ಟೂಲಿಗೆ ಸಾಣೆ ಹಿಡಿಯುವುದನ್ನು ನನ್ನಿಂದಲೇ ಕಲಿತ ಹುಡುಗನಿಗೆ. ಅವನಿಗೆ ಪಿಎಫ್, ಗ್ರಾಚ್ಯುಟಿ. ನನಗೆ ದೀಪಾವಳಿಗೊಂದು ಸಿಹಿಯ ಡಬ್ಬಿ. ಅವನ ಮೇಲೆ ಸಿಟ್ಟಿಲ್ಲ, ಎದುರಾದರೆ ಇವತ್ತಿಗೂ ಉಸ್ತಾದ್ ಎನ್ನುತ್ತಾನೆ.

ಅದಕ್ಕೇ ಮತ್ತೆ ಹೇಳುತ್ತೇನೆ ನನ್ನವ್ವಾ, ನಡುವೆ ಯಾರಾದರೂ ಪಗಾರದ ಆಸೆ ತೋರಿಸಿದರೆ, ಅದು ನಾನೇ ಆಗಿರಲಿ, ಸರ್ಟಿಫಿಕೇಟ್ ಬರುವ ತನಕ ಬಿಡಿಸಬೇಡ.

ಇನ್ನು ಜನ ಎಂದೆಯಲ್ಲ, ಯಾವ ಜನ? ಅಥಣಿ ದೊಡ್ಡಪ್ಪನ ಮನೆಯವರೇ? ಅವರ ಬಾವಿಯ ಪಂಪಿನ ಶಾಫ್ಟ್ ಮುರಿದಾಗ ರಾತ್ರಿ ಹನ್ನೊಂದಕ್ಕೆ ಫೋನ್ ಬಂದದ್ದು ನನಗೆ, ಇಂಜಿನಿಯರ್ ಅಳಿಯನಿಗಲ್ಲ. ಮದುವೆಯ ಪತ್ರಿಕೆಯಲ್ಲಿ ಮಾತ್ರ ಉಳಿದವರ ಹೆಸರಿಗೆಲ್ಲ ಬಿ.ಇ., ಎಂ.ಕಾಂ. ಅಂಟಿಸಿ, ನನ್ನನ್ನು ‘ಹಾಗೂ ಬಂಧು ಬಾಂಧವರು’ ಎಂಬುದರೊಳಗೆ ಸೇರಿಸಿದರು. ಒಡಹುಟ್ಟಿದ ತಮ್ಮ ನಾನು! ಅಣ್ಣಾ, ನೀನೂ ಗುಂಪಿನಲ್ಲಿದ್ದೀಯೆ, ಕೇಳಿಸಿಕೋ. ಆ ಶಾಫ್ಟಿನ ದುಡ್ಡೂ ಇನ್ನೂ ಬಂದಿಲ್ಲ.

ಅಯ್ಯೋ, ಮುಖ್ಯವಾದದ್ದೇ ಬಿಟ್ಟೆ. ವೆಲ್ಡರ್ ಟ್ರೇಡ್ 1 ವರ್ಷ. ಫಿಟ್ಟರ್, ಟರ್ನರ್, ಎಲೆಕ್ಟ್ರಿಷಿಯನ್ 2 ವರ್ಷ. ಎರಡು ವರ್ಷದ್ದನ್ನೇ ಹಿಡಿಯಲಿ. ಮುಂದೆ ಓದುವ ಮನಸ್ಸಾದರೆ ನೇರವಾಗಿ ಡಿಪ್ಲೊಮಾದ ಎರಡನೆಯ ವರ್ಷಕ್ಕೆ, ಅಲ್ಲಿಂದ ಪರೀಕ್ಷೆ ಬರೆದು ಬಿ.ಇ. ಎರಡನೆಯ ವರ್ಷಕ್ಕೂ ಹೋಗಬಹುದು. ರೈಲ್ವೆಯ ಸಹಾಯಕ ಲೋಕೋ ಪೈಲಟ್, ಅಂದರೆ ರೈಲು ಚಾಲಕನ ಸಹಾಯಕನ ಹುದ್ದೆಗೂ ಎಸ್ಸೆಸ್ಸೆಲ್ಸಿ ಜೊತೆ ಐಟಿಐ ಇದ್ದರೆ ಅರ್ಜಿ ಹಾಕಬಹುದು. ಖಾಸಗಿ ಐಟಿಐ ಆದರೆ ಫೀಸ್ ಕಟ್ಟುವ ಮೊದಲು ಅವನು ಸೇರುವ ಟ್ರೇಡಿಗೇ ಎನ್‌ಸಿವಿಟಿ, ಅಂದರೆ ಕೇಂದ್ರದ ವೃತ್ತಿ ತರಬೇತಿ ಮಂಡಳಿಯ, ಮಾನ್ಯತೆ ಇದೆಯೇ ಎಂದು ಕಾಗದ ತೆಗೆಸಿ ನೋಡು. ಗೇಟಿನ ಬೋರ್ಡ್ ನಂಬಬೇಡ. ಇಲ್ಲಿ ಬೆಳಗಾವಿಯ ಜಿಟಿಟಿಸಿಯನ್ನೂ, ಅಂದರೆ ಸರ್ಕಾರಿ ಟೂಲ್ ರೂಮ್ ತರಬೇತಿ ಕೇಂದ್ರವನ್ನೂ, ಒಮ್ಮೆ ವಿಚಾರಿಸೋಣ.

ಶನಿವಾರ ಹುಡುಗನನ್ನು ಕರೆದುಕೊಂಡು ಬೆಳಗಿನ ಬಸ್ಸಿಗೆ ಬಾ, ಅಂಕಪಟ್ಟಿಯ ಎರಡು ಜೆರಾಕ್ಸ್ ಇರಲಿ. ಗೋಕಾಕದಿಂದ ಕರದಂಟು ತರಬೇಡ, ನನಗೆ ಸಕ್ಕರೆ ಕಾಯಿಲೆ. ತಂದರೂ ನಿನ್ನ ಕಾಕುವಿಗೆ, ನಮ್ಮ ಮನೆಯವಳಿಗೆ, ಕಾಣದ ಹಾಗೆ ಕೊಡು.