ಜೂನ್ 1ರಂದು ಹುಟ್ಟಿದವನ ರಾಶಿ ಯಾವುದು?

ಬ್ರಹ್ಮಪುರದವ, ಕಲಬುರಗಿ:
ದಾಲ್ ಮಿಲ್ಲಿನಲ್ಲಿ ಲೆಕ್ಕ ಬರೆಯುವವನು ನಾನು. ಈ ಯುಗಾದಿಗೆ ಬೇವು ಕುಡಿಯುತ್ತಲೇ ಒಂದು ಹಟ ಹಿಡಿದೆ: ವರ್ಷವಿಡೀ ದಿನಭವಿಷ್ಯ ಹೇಳಿದಂತೆ ನಡೆಯುವುದು. ಮೂರು ತಿಂಗಳಾಯಿತು. ‘ಹಣ ಕೈಬಿಡಬೇಡಿ’ ಎಂದಿದ್ದ ದಿನ ಹಾಲಿನವನಿಗೆ ತಿಂಗಳ ಬಾಕಿ ಕೊಡಲಿಲ್ಲ, ಮರುದಿನ ಅವನು ಹಾಲು ಹಾಕಲಿಲ್ಲ. ‘ಮೌನವೇ ಲೇಸು’ ಎಂದಿದ್ದ ದಿನ ಹೊಸ ಅಳಿಯ ಬಂದಿದ್ದ. ನಾನು ಬಾಯಿ ಬಿಡಲಿಲ್ಲ. ಮಾವನಿಗೆ ಏನೋ ಸಿಟ್ಟಿದೆ ಎಂದುಕೊಂಡು ಅವನು ಊಟಕ್ಕೂ ನಿಲ್ಲದೆ ಹೋದ. ಮಗಳು ಇನ್ನೂ ನನ್ನ ಫೋನ್ ಎತ್ತುತ್ತಿಲ್ಲ. ಗುರುವಾರ ದಕ್ಷಿಣಕ್ಕೆ ಶೂಲೆ, ಆ ದಿಕ್ಕಿಗೆ ಹೊರಡಬಾರದು ಎಂದು ಜೇವರ್ಗಿಯ ವಸೂಲಿಗೆ ಬುಧವಾರ ಸಂಜೆಯೇ ಹೋಗಿ ಬಸ್ ನಿಲ್ದಾಣದಲ್ಲಿ ಮಲಗಿದೆ. ಸೊಳ್ಳೆಗಳಿಗೆ ವಾರವೂ ಇಲ್ಲ, ದಿಕ್ಕೂ ಇಲ್ಲ. ಸೋಮವಾರ 7:30ಕ್ಕೆ ರಾಹುಕಾಲ ಹಿಡಿಯುವುದರಿಂದ 7:20ಕ್ಕೇ ಹೊಸ್ತಿಲು ದಾಟಿ, ಮಿಲ್ಲು ತೆರೆಯುವವರೆಗೆ ಚಹಾದಂಗಡಿಯಲ್ಲಿ ಕೂರುತ್ತೇನೆ.

ಇಷ್ಟೆಲ್ಲ ಮಾಡಿದ್ದು ಮಿಥುನ ರಾಶಿಯ ಹೆಸರಿನಲ್ಲಿ. ಶಾಲೆಯ ದಾಖಲೆಯಲ್ಲಿ ನನ್ನ ಹುಟ್ಟಿದ ದಿನ ಜೂನ್ 1. ಮೊನ್ನೆ ಅವ್ವ ಇದನ್ನು ಕೇಳಿ ನಕ್ಕಳು. “ನೀನು ಹುಟ್ಟಿದ್ದು ಎಳ್ಳಮಾವಾಸ್ಯೆಗೆ, ಹೊಲದಲ್ಲಿ ಭೂತಾಯಿಗೆ ಎಡೆಯ ಚರಗ ಚೆಲ್ಲಿದ ದಿನ” ಎಂದಳು. ಯಾವ ವರ್ಷವೆಂದರೆ “ದೊಡ್ಡ ಬರ ಹೋದ ಮೇಲೆ” ಎನ್ನುತ್ತಾಳೆ. ಹಾಗಾದರೆ ನಾನು ಯಾವ ರಾಶಿಯವನು? ತಿಳಿದವರು ಹೇಳಿ.

ನಿವೃತ್ತ ಮಾಸ್ತರ್, ಸುರಪುರ:
ತಪ್ಪು ನಮ್ಮದು, ಕ್ಷಮಿಸಿ. ಜೂನ್‌ನಲ್ಲಿ ಶಾಲೆ ತೆರೆದಾಗ ತಂದೆ ಮಗನ ಕೈ ಹಿಡಿದು ತರುತ್ತಿದ್ದ. ತಾರೀಕು ಕೇಳಿದರೆ “ನೀವೇ ಬರೆದುಕೊಳ್ಳಿರಿ” ಎನ್ನುತ್ತಿದ್ದ. ಬಲಗೈ ತಲೆಯ ಮೇಲಿಂದ ಎಡಗಿವಿಗೆ ಮುಟ್ಟಿದರೆ ಆರು ವರ್ಷ ತುಂಬಿತು ಎಂದು ಜೂನ್ 1 ಬರೆಯುತ್ತಿದ್ದೆವು. ನನ್ನ ಒಂದು ತರಗತಿಯಲ್ಲಿ ಅರ್ಧದಷ್ಟು ಹುಡುಗರು ಒಂದೇ ದಿನ ಹುಟ್ಟಿದವರು. ನನ್ನದೂ ಜೂನ್ 1.

ಬೀದರ್‌ನಿಂದ ಪಂಚಾಂಗ ನೋಡುವವ:
ನಿಮ್ಮ ಅವ್ವನ ಮಾತು ಶಾಲೆಯ ದಾಖಲೆಗಿಂತ ಗಟ್ಟಿ. ಎಳ್ಳಮಾವಾಸ್ಯೆ ಎಂದರೆ ಮಾರ್ಗಶಿರದ ಅಮಾವಾಸ್ಯೆ. ಆಗ ಸೂರ್ಯ ಧನು ರಾಶಿಯಲ್ಲಿರುತ್ತಾನೆ, ಅಮಾವಾಸ್ಯೆಯೆಂದರೆ ಚಂದ್ರ ಸೂರ್ಯನ ಜೊತೆಗೇ. ನಮ್ಮಲ್ಲಿ ಜನ್ಮರಾಶಿ ಚಂದ್ರನಿಂದ. ಆದ್ದರಿಂದ ವರ್ಷ ಯಾವುದಾದರೂ ನೀವು ಬಹುತೇಕ ಧನು. ಚಂದ್ರ ಒಂದು ರಾಶಿಯಲ್ಲಿ ಎರಡೂಕಾಲು ದಿನವಷ್ಟೇ ಇರುತ್ತಾನೆ, ಹಾಗಾಗಿ ಹೊತ್ತನ್ನೂ ಕೇಳಿಕೊಳ್ಳಿ. ಜೂನ್ 1ಕ್ಕೆ ಮಿಥುನ ಎನ್ನುವುದು ಪಾಶ್ಚಾತ್ಯರ ಸೂರ್ಯರಾಶಿಯ ಲೆಕ್ಕ; ನಮ್ಮ ಪಂಚಾಂಗದಲ್ಲಿ ಆ ದಿನ ಸೂರ್ಯ ಇನ್ನೂ ವೃಷಭ ದಾಟಿರುವುದಿಲ್ಲ. ಧನುವಿಗೆ ಮಿಥುನ ಏಳನೆಯ ಮನೆ, ನೇರ ಎದುರು. ಮೂರು ತಿಂಗಳು ಎದುರು ಮನೆಯವರ ಪತ್ರ ಓದಿದ್ದೀರಿ!

ರಾಹುಕಾಲವೂ ಗೋಡೆಯ ಕ್ಯಾಲೆಂಡರಿನಂತೆ ಕದಲದೆ ನಿಲ್ಲುವುದಿಲ್ಲ. ಸೂರ್ಯೋದಯದಿಂದ ಸೂರ್ಯಾಸ್ತದವರೆಗಿನ ಹೊತ್ತನ್ನು ಎಂಟು ಪಾಲು ಮಾಡಿ, ಸೋಮವಾರಕ್ಕೆ ಎರಡನೆಯದು, ರವಿವಾರಕ್ಕೆ ಕೊನೆಯದು. ಆರಕ್ಕೆ ಹುಟ್ಟಿ ಆರಕ್ಕೆ ಮುಳುಗಿದರೆ ಮಾತ್ರ 7:30. ಡಿಸೆಂಬರ್ ಕೊನೆಗೆ ನಿಮ್ಮಲ್ಲಿ ಸೂರ್ಯ ಹುಟ್ಟುವುದೇ 6:50ರ ಸುಮಾರಿಗೆ. ಆಗ ಸೋಮವಾರದ್ದು 8:10 ದಾಟಿ ಶುರು.

ಬಸವಕಲ್ಯಾಣದ ಅಕ್ಕ:
ನಾಳೆಗಿಂತ ಇಂದೇ ಲೇಸು ಎಂದು ಹೇಳಿರೆಂದು ಬಸವಣ್ಣನವರು ಜೋಯಿಸರಿಗೇ ಬುದ್ಧಿ ಹೇಳಿದ ನೆಲ ಇದು. ಅಣ್ಣಾ, ರಾಶಿ ಆಮೇಲೆ ಹುಡುಕಿ. ಅಳಿಯನಿಗೆ ಫೋನ್ ಮಾಡಿದಿರಾ?

ಬ್ರಹ್ಮಪುರದವ, ಕಲಬುರಗಿ:
ಮಾಡಿದೆ ಅಕ್ಕಾ. ಅವನು ನಕ್ಕು, ತನ್ನದೂ ಆ ದಿನ ‘ಹಿರಿಯರೊಂದಿಗೆ ವಾದ ಬೇಡ’ ಎಂದಿತ್ತು, ಅದಕ್ಕೇ ಬೇಗ ಎದ್ದೆ ಎಂದ. ಮಗಳ ಸಿಟ್ಟು ಇಳಿದಿಲ್ಲ.

ಅವ್ವನನ್ನೂ ಕೇಳಿದೆ. ಭಜ್ಜಿ, ಸಜ್ಜೆ ರೊಟ್ಟಿ ಉಂಡು ಬಂಡಿ ಹೊಲದಿಂದ ಮನೆಗೆ ಬಂದು, ದೀಪ ಹಚ್ಚುವ ಹೊತ್ತಂತೆ. ಧನು ಎಂದೇ ಇಟ್ಟುಕೊಂಡೆ. ಇಂದಿನ ಧನುವಿಗೆ ‘ಮಡದಿಯೊಂದಿಗೆ ವಸ್ತ್ರ ಖರೀದಿ’ ಎಂದಿದೆ. ಇಷ್ಟು ದಿನ ಪತ್ರಿಕೆಯ ಆ ಪುಟದಲ್ಲಿ ಹಪ್ಪಳ ಒಣಗಿಸುತ್ತಿದ್ದವಳು ಇಂದು ಎರಡು ಸಲ ಓದಿ, ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಾಳೆ. ರವಿವಾರ, 4:30ರೊಳಗೆ ಹೊರಡಬೇಕು ಎನ್ನುತ್ತಾಳೆ. ಈಗ ಸೂರ್ಯ ಮುಳುಗುವುದು ಏಳಕ್ಕೆ; ಬೀದರ್‌ನವರ ಲೆಕ್ಕದಲ್ಲಿ 5:20ರವರೆಗೂ ಅಡ್ಡಿಯಿಲ್ಲ. ಚಹಾಕ್ಕೆ ಇಟ್ಟಿದ್ದೇನೆ.