ವಿಟಮಿನ್ ನಾಲಿಗೆಗೆ ಗೊತ್ತಾಗುತ್ತಾ?

ಪ್ರಶ್ನೆ: ಮೇಡಂ, ನಿಂಬೆಹಣ್ಣು ಹುಳಿ ಇರೋದು ವಿಟಮಿನ್ ಸಿ ಇಂದ ಅಂತ ಮಗಳಿಗೆ ಹೇಳಿಕೊಟ್ಟಿದ್ದೆ. ‘ಹಾಗಾದ್ರೆ ಕ್ಯಾರೆಟ್ ವಿಟಮಿನ್ ಎ ರುಚಿನಾ?’ ಅಂದಳು. ನನ್ನ ಬಾಯಿ ಕಟ್ಟಿತು.

ಉತ್ತರ (ಆಹಾರ ತಜ್ಞೆ): ಮೊದಲು ನೀವು ಹೇಳಿಕೊಟ್ಟಿದ್ದನ್ನೇ ತಿದ್ದಬೇಕು, ಬೇಜಾರು ಮಾಡ್ಕೋಬೇಡಿ! ನಿಂಬೆಯ ಹುಳಿ ಸಿಟ್ರಿಕ್ ಆಮ್ಲದ್ದು. 100 ಮಿ.ಲೀ. ರಸದಲ್ಲಿ ಅದು ಸುಮಾರು 5 ಗ್ರಾಂ ಇದ್ದರೆ, ವಿಟಮಿನ್ ಸಿ 40 ಮಿಲಿಗ್ರಾಂ ಆಸುಪಾಸು. ಕೆಂಪು ಕ್ಯಾಪ್ಸಿಕಂನಲ್ಲಿ ನಿಂಬೆಗಿಂತ ಎರಡು ಪಟ್ಟಿಗೂ ಹೆಚ್ಚು ಸಿ ಇದೆ, ಹುಳಿ ಎಲ್ಲಿದೆ? ಬರೀ ಆಸ್ಕಾರ್ಬಿಕ್ ಆಮ್ಲದ (ವಿಟಮಿನ್ ಸಿಯ ರಾಸಾಯನಿಕ ಹೆಸರು) ಪುಡಿ ನೆಕ್ಕಿದರೆ ಹುಳಿ ಹೌದು. ಅದನ್ನೇ ಸೋಡಿಯಂ ಆಸ್ಕಾರ್ಬೇಟ್, ಅಂದರೆ ಅದರ ಲವಣ ಮಾಡಿದರೆ ವಿಟಮಿನ್ ಉಳಿಯುತ್ತೆ, ಹುಳಿ ಮಾಯ. ನಾಲಿಗೆ ಹಿಡಿಯೋದು ಆಮ್ಲವನ್ನು.

ಕ್ಯಾರೆಟ್‌ನ ಸಿಹಿ ಸಕ್ಕರೆಯದು. ಅದರಲ್ಲಿರೋದು ಬೀಟಾ ಕ್ಯಾರೋಟಿನ್, ದೇಹ ಅದರಿಂದ ವಿಟಮಿನ್ ಎ ಮಾಡಿಕೊಳ್ಳುತ್ತೆ, ನಾಲಿಗೆಗೆ ಸಪ್ಪೆ. ಆದರೆ ಮೂಗಿಗೊಂದು ಸುಳಿವು ಸಿಗುತ್ತೆ: ಬೀಟಾ ಕ್ಯಾರೋಟಿನ್ ಒಡೆದಾಗ ಬೀಟಾ ಅಯೋನೋನ್ ಅನ್ನೋ ಹೂವಿನಂಥ ಪರಿಮಳ ಹುಟ್ಟುತ್ತೆ. ಟೊಮೆಟೊ ಘಮದಲ್ಲೂ ಅದರ ಪಾಲಿದೆ. ನನಗಂತೂ ಇದು ನಾಲಿಗೆಯ ಕಥೆಗಿಂತ ಸೊಗಸು.

ಇನ್ನೊಬ್ಬರು: ಬಿ ಕಾಂಪ್ಲೆಕ್ಸ್ ಮಾತ್ರೆ ಬಾಯಲ್ಲಿ ಕರಗಿದ್ರೆ ಕಹಿ, ಕೆಟ್ಟ ವಾಸನೆ ಬೇರೆ. ಅದು?

ಉತ್ತರ: ಅದು ವಿಟಮಿನ್‌ದೇ! ಥಯಾಮಿನ್ ಅಂದರೆ ಬಿ1 ಕಹಿ, ಅದರಲ್ಲಿ ಗಂಧಕವೂ ಇದೆ, ವಾಸನೆ ಅದರಿಂದ. ಆದರೆ ದೊಡ್ಡವರಿಗೆ ದಿನಕ್ಕೆ ಬೇಕಿರೋದು 1.2 ಮಿಲಿಗ್ರಾಂ ಆಸುಪಾಸು, ಅದೂ ಇಡೀ ದಿನದ ಊಟದಲ್ಲಿ ಹಂಚಿಹೋಗಿರುತ್ತೆ. ಬಿ12 ಆದರೆ 2.4 ಮೈಕ್ರೋಗ್ರಾಂ. ಅಷ್ಟಕ್ಕೆ ನಾಲಿಗೆ ಕ್ಯಾರೇ ಅನ್ನಲ್ಲ.

ಮತ್ತೆ ಮೊದಲಿನವರು: ದೇಹಕ್ಕೆ ಯಾವುದು ಕಡಿಮೆಯೋ ಅದನ್ನೇ ಬಾಯಿ ಬೇಡುತ್ತೆ ಅಂತಾರಲ್ಲ?

ಉತ್ತರ: ಉಪ್ಪಿನ ವಿಷಯದಲ್ಲಿ ಸ್ವಲ್ಪ ನಿಜ. ಸೋಡಿಯಂ ತೀರಾ ಇಳಿದರೆ ಉಪ್ಪಿನ ಆಸೆ ಹುಟ್ಟಬಹುದು, ಅದನ್ನು ಗುರುತಿಸೋಕೆ ನಾಲಿಗೆಯೂ ಇದೆ. ವಿಟಮಿನ್‌ಗೆ ಅಂಥ ಏರ್ಪಾಡಿಲ್ಲ. 1960ರ ದಶಕದಲ್ಲಿ ಪಾಲ್ ರೋಜಿನ್ ಅನ್ನೋ ಮನಶ್ಶಾಸ್ತ್ರಜ್ಞ ಇಲಿಗಳಿಗೆ ಥಯಾಮಿನ್ ಇಲ್ಲದ ಆಹಾರ ಹಾಕಿ ನೋಡಿದರು. ನಿತ್ರಾಣವಾದ ಇಲಿಗಳು ಥಯಾಮಿನ್ ಮೂಸಿ ಹುಡುಕಲಿಲ್ಲ. ಹಳೇ ಆಹಾರವನ್ನು ವಿಷದ ಹಾಗೆ ದೂರ ಮಾಡಿ, ಹೊಸದು ಏನು ಕೊಟ್ಟರೂ ಅದಕ್ಕೆ ಬಾಯಿ ಹಾಕಿದವು.